ಹಳೇ ಗಾರೆ ಗೋಡೆಗೆ ಹೊಸ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿಯುತ್ತಿದ್ದಂತೆ ಸುಣ್ಣಬಣ್ಣದ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಮೆಂಟಿಗಿಂತ ಹಿಂದಿನ ಕಾಲದ, ಸುಣ್ಣದ ಗಾರೆಯ ಅಥವಾ ಮಣ್ಣಿನ ಗೋಡೆಗಳ ಬಗ್ಗೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಬಸವನಗುಡಿ, ಬೆಂಗಳೂರು: ನಮ್ಮದು ಎಂಬತ್ತು ವರ್ಷ ದಾಟಿದ ಮನೆ. ಎರಡು ವರ್ಷದ ಹಿಂದೆ ಗೋಡೆ ನುಣುಪಾಗಲೆಂದು ಪುಟ್ಟಿ ಹಾಕಿಸಿ ಎಮಲ್ಷನ್ (ಪ್ಲಾಸ್ಟಿಕ್ ಬಣ್ಣ) ಹೊಡೆಸಿದೆವು. ಈಗ ಹಾಲಿನ ಗೋಡೆಯಲ್ಲಿ ನೆಲದಿಂದ ಮೂರಡಿವರೆಗೆ ಬೊಬ್ಬೆ ಎದ್ದು, ಪುಟ್ಟಿ ಸಮೇತ ಉದುರುತ್ತಿದೆ. ವಾಟರ್‌ಪ್ರೂಫ್ ಕೋಟ್ ಹೊಡೆದು ಮತ್ತೆ ಪುಟ್ಟಿ ಹಾಕೋಣ ಅನ್ನುತ್ತಾರೆ ಪೇಂಟರ್. ಸರಿಯೇ?

ಬೇಡ. ಹಾಕಿಸಿದರೆ ಇದೇ ಬೊಬ್ಬೆ ಮೂರಡಿಯ ಬದಲು ಐದಡಿಯಲ್ಲಿ ಏಳುತ್ತದೆ.

ಆ ಕಾಲದ ಬಹಳಷ್ಟು ಗೋಡೆಗಳ ಬುಡದಲ್ಲಿ ನೆಲದ ತೇವವನ್ನು ತಡೆಯುವ ಪದರವೇ ಇಲ್ಲ. ತೇವ ಮೇಲೇರುತ್ತದೆ, ಸುಣ್ಣದ ಗಾರೆಯ ಸಣ್ಣ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಗೋಡೆ ಇಷ್ಟು ವರ್ಷ ಬಾಳಿದ್ದು ಹಾಗೆ. ಪುಟ್ಟಿ ಮತ್ತು ಎಮಲ್ಷನ್ ಸೇರಿ ಆ ದಾರಿಗೆ ಮುಚ್ಚಳ ಹಾಕಿವೆ. ನೀರಿನಲ್ಲಿ ಕರಗಿ ಬಂದ ಉಪ್ಪು ಮೊದಲು ಗೋಡೆಯ ಹೊರಮೈಗೆ ಬಂದು ಬಿಳಿ ಪುಡಿಯಾಗುತ್ತಿತ್ತು, ಪೊರಕೆಯಲ್ಲಿ ಗುಡಿಸಿದರೆ ಹೋಗುತ್ತಿತ್ತು. ಈಗ ಅದು ಬಣ್ಣದ ಹಿಂದೆಯೇ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗಿನ ಒತ್ತಡಕ್ಕೆ ಗಾರೆ ಒಳಗಿಂದಲೇ ಹಿಟ್ಟಾಗುತ್ತದೆ. ನಿಮ್ಮಲ್ಲಿ ಪುಟ್ಟಿಯ ಹಿಂಬದಿಗೆ ಮರಳು ಅಂಟಿಕೊಂಡು ಬರುತ್ತಿದ್ದರೆ ಆಗಿರುವುದು ಇದೇ.

ಮೊದಲು ನೀರಿನ ಮೂಲ ಹುಡುಕಿ. ಬಣ್ಣ ಉದುರಿದ ಕಡೆ ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 24 ಗಂಟೆ ಬಿಡಿ. ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಕೋಣೆ ಕಡೆಯ ಮೈಯಲ್ಲಿ ಕಂಡರೆ ಅದು ಗಾಳಿಯ ತೇವ, ಅಂದರೆ ಗಾಳಿಯಾಡದ ಕೋಣೆಯ ತೊಂದರೆ. ಆಮೇಲೆ ಅದೇ ಗೋಡೆಯ ಹೊರಗಡೆ ಹೋಗಿ ನೋಡಿ. ಅಂಗಳಕ್ಕೆ ಸಿಮೆಂಟ್ ಅಥವಾ ಟೈಲ್ಸ್ ಹಾಕಿಸುತ್ತಾ ಹೋದಂತೆ ಹೊರಗಿನ ನೆಲ ಒಳಗಿನ ನೆಲಕ್ಕೆ ಸಮನಾಗಿರುತ್ತದೆ, ಕೆಲವೆಡೆ ಅದಕ್ಕಿಂತ ಎತ್ತರವೂ ಆಗಿರುತ್ತದೆ. ಅದು ಒಳನೆಲಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಬೇಕು, ಗೋಡೆಯಿಂದ ಹೊರಕ್ಕೆ ಇಳಿಜಾರಿರಬೇಕು. ತಾರಸಿಯ ನೀರು ಇಳಿಯುವ ಪೈಪು ಗೋಡೆಯ ಬುಡದಲ್ಲೇ ಬಾಯಿ ಬಿಟ್ಟಿದೆಯೇ, ಗಿಡದ ಕುಂಡಗಳು ಗೋಡೆಗೆ ಒರಗಿವೆಯೇ ನೋಡಿ. ಗೋಡೆಯ ಆಚೆ ಬಚ್ಚಲಿದ್ದರೆ ಹೆಚ್ಚು ಹುಡುಕುವ ಕೆಲಸವಿಲ್ಲ.

ಮೂಲ ಸರಿಪಡಿಸಿದ ಮೇಲೆ ಪುಟ್ಟಿ, ಎಮಲ್ಷನ್ ಎರಡನ್ನೂ ಕೆರೆದು ತೆಗೆಸಿ. ಉಪ್ಪು ತಿಂದ ಗಾರೆಯನ್ನು ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಬಿಡಿಸಿ. ಉಪ್ಪನ್ನು ಒಣ ಬ್ರಷ್ಷಿನಿಂದಲೇ ಗುಡಿಸಿ ಮನೆಯಿಂದಾಚೆ ಹಾಕಿ. ನೀರು ಹಾಕಿ ತೊಳೆದರೆ ಅದು ಕರಗಿ ವಾಪಸು ಗೋಡೆಗೇ ಹೋಗುತ್ತದೆ. ನಂತರ ಗೋಡೆ ಒಣಗಲು ಬಿಡಿ. ದಪ್ಪದ ಪ್ರತಿ ಇಂಚಿಗೆ ಒಂದು ತಿಂಗಳು ಎಂಬುದು ರೂಢಿಯ ಅಂದಾಜು, ಎರಡೂ ಕಡೆ ಗಾಳಿಯಾಡಿದರೆ ಬೇಗ. ಅಷ್ಟು ದಿನ ಬರೀ ಇಟ್ಟಿಗೆ ನೋಡುತ್ತಾ ಕೂರಬೇಕಿಲ್ಲ. ಸುಣ್ಣದ ಗಾರೆ ಹಾಕಿ ಸುಣ್ಣ ಹೊಡೆಸಿದರೆ ಅದರ ಮೂಲಕವೇ ಒಣಗುತ್ತದೆ. ಆ ಜಾಗಕ್ಕೆ ಸಿಮೆಂಟ್ ಗಾರೆ ಹಾಕಿಸಲೇಬೇಡಿ, ಅದೂ ಒಂದು ಮುಚ್ಚಳವೇ.

ಅಗ್ರಹಾರ, ಮೈಸೂರು: ನಮ್ಮ ಗೋಡೆ ಸುಣ್ಣದ ಗಾರೆಯೋ ಸಿಮೆಂಟೋ ತಿಳಿಯುವುದು ಹೇಗೆ? ಮೇಲೆ ಹತ್ತಾರು ಪದರ ಬಣ್ಣವಿದೆ.

ಸ್ವಿಚ್ ಬೋರ್ಡಿನ ಹಿಂದೆ ಅಥವಾ ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಕಾಣದ ಒಂದು ಜಾಗ ಆರಿಸಿ, ಗಾರೆಯವರೆಗೆ ಕೆರೆಯಿರಿ. ಮೊಳೆಯಿಂದ ಗೀರಿದರೆ ಸಿಮೆಂಟ್ ಬೂದು ಬಣ್ಣದ ತೆಳು ಗೆರೆ ಬಿಡುತ್ತದೆ, ಮೊಳೆ ಜಾರುತ್ತದೆ. ಸುಣ್ಣದ ಗಾರೆ ಬೆಳ್ಳಗೆ ಅಥವಾ ಕೆನೆ ಬಣ್ಣಕ್ಕೆ ಉದುರುತ್ತದೆ. ಇಟ್ಟಿಗೆ ಪುಡಿ ಬೆರೆತಿದ್ದರೆ ನಸುಗೆಂಪಾಗಿರುತ್ತದೆ. ಉದುರಿದ ಚೂರನ್ನು ನೀರಿಗೆ ಹಾಕಿ: ಮಣ್ಣಿನ ಗಾರೆ ಕೆಲವೇ ನಿಮಿಷದಲ್ಲಿ ಕರಗಿ ಕೆಸರಾಗುತ್ತದೆ, ಸುಣ್ಣದ್ದು ಹಾಗೇ ಇರುತ್ತದೆ. ಇನ್ನೊಂದು ಚೂರಿಗೆ ನಿಂಬೆರಸ ಅಥವಾ ವಿನೆಗರ್ ಬಿಡಿ. ಸುಣ್ಣವಾದರೆ ಬುರುಬುರು ನೊರೆಯುಕ್ಕಿ ಕೊನೆಗೆ ಮರಳಷ್ಟೇ ಉಳಿಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೊರೆಯುವುದಿಲ್ಲ.

ಮೇಲಿನ ಬಣ್ಣ ಯಾವುದೆಂದೂ ತಿಳಿದುಕೊಳ್ಳಿ, ಹೊಸ ಬಣ್ಣ ನಿಲ್ಲುವುದು ಅದರ ಮೇಲೇ ತಾನೆ. ಒದ್ದೆ ಬೆರಳಲ್ಲಿ ಉಜ್ಜಿದರೆ ಕೈಗೆ ಬಣ್ಣ ಹತ್ತಿದರೆ ಅದು ಸುಣ್ಣ ಅಥವಾ ಹಳೇ ಕಾಲದ ಪುಡಿ ಡಿಸ್ಟೆಂಪರ್. ಅಂಟು ಬೆರೆಸಿದ ಚಾಕ್ ಪುಡಿಯಾದ ಆ ಡಿಸ್ಟೆಂಪರಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಬಿಸಿನೀರು, ಸ್ಪಂಜಿನಿಂದ ಪೂರ್ತಿ ತೊಳೆದು ತೆಗೆಯಲೇಬೇಕು. ಸುಣ್ಣದ ಪದರ ಗಟ್ಟಿಯಾಗಿದ್ದರೆ ಸಡಿಲವಾದುದನ್ನು ಮಾತ್ರ ಕೆರೆದು ಉಳಿದದ್ದನ್ನು ಬಿಡಬಹುದು.

ತೀರ್ಥಹಳ್ಳಿ: ತೊಟ್ಟಿಮನೆಗೆ ಮೊದಲಿನಂತೆ ಸುಣ್ಣವನ್ನೇ ಹೊಡೆಸಬೇಕೆಂದಿದ್ದೇವೆ. ಹೋದ ಸಲ ಹೊಡೆಸಿದ್ದು ಬಟ್ಟೆಗೆಲ್ಲ ಹತ್ತುತ್ತಿತ್ತು, ಕೆಲವೆಡೆ ಹಪ್ಪಳದ ಹಾಗೆ ಎದ್ದಿತು. ಸರಿಯಾದ ಅಳತೆ ತಿಳಿಸಿ.

ಬಟ್ಟೆಗೆ ಹತ್ತಿದ್ದು ಒಣ ಗೋಡೆಗೆ ಹೊಡೆದದ್ದರಿಂದ, ಹಪ್ಪಳ ಎದ್ದದ್ದು ದಪ್ಪಗೆ ಹೊಡೆದದ್ದರಿಂದ. ಸುಣ್ಣ ಬರೀ ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗಬೇಕು, ಅದಕ್ಕೆ ಕೆಲವು ದಿನ ಸ್ವಲ್ಪ ತೇವ ಬೇಕು. ಗೋಡೆಯೇ ನೀರನ್ನೆಲ್ಲ ಎಳೆದುಕೊಂಡರೆ ಉಳಿಯುವುದು ಬರೀ ಪುಡಿ.

ಸುಟ್ಟ ಸುಣ್ಣದ ಹೆಂಟೆ ಸಿಕ್ಕರೆ ಅದೇ ಒಳ್ಳೆಯದು. ಐದು ಕಿಲೋ ಸುಣ್ಣಕ್ಕೆ 25 ಲೀಟರ್ ನೀರು. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ಹಾಕಿ, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಸುಣ್ಣದ ಮೇಲೆ ನೀರು ಸುರಿಯಬಾರದು, ಕುದಿದು ಸಿಡಿಯುತ್ತದೆ. ತೆಳು ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ತಡೆಯುವುದಿಲ್ಲ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಬಿಡುತ್ತಾ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಸುಣ್ಣ ಕಣ್ಣನ್ನೇ ತೆಗೆಯಬಲ್ಲದು.

ಅರಳಿದ ಸುಣ್ಣವನ್ನು ಕನಿಷ್ಠ ಒಂದು ಪೂರ್ತಿ ದಿನ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ. ವಾರಗಟ್ಟಲೆ ನೀರಿನಡಿ ಇದ್ದಷ್ಟೂ ನುಣುಪು ಹೆಚ್ಚು. ಬಿಸಿನೀರಲ್ಲಿ ಕರಗಿಸಿದ ಗೋಂದು ಲೀಟರಿಗೆ ನಾಲ್ಕು ಗ್ರಾಂ, ಅಂದರೆ ಈ ಅಳತೆಗೆ 100 ಗ್ರಾಂ. ಬಿಳುಪು ಎದ್ದು ಕಾಣಲು ನೀಲಿ ಪುಡಿ ಹಾಕುವುದಿದ್ದರೆ ಕಿಲೋ ಸುಣ್ಣಕ್ಕೆ ಮೂರು ಗ್ರಾಂ ದಾಟಬೇಡಿ. ಪೇಂಟರುಗಳು ಗೋಂದಿನ ಬದಲು ಫೆವಿಕಾಲ್ ಸುರಿಯುವುದುಂಟು. ಒಂದಿಷ್ಟು ಹಾಕಿದರೆ ನಷ್ಟವಿಲ್ಲ, ಧಾರಾಳವಾಗಿ ಹಾಕಿದರೆ ಅದು ಸುಣ್ಣದ ವೇಷದ ಪ್ಲಾಸ್ಟಿಕ್ ಬಣ್ಣ. ತೇವದ ಗೋಡೆಗಾದರೆ ಗೋಂದನ್ನೂ ಬಿಡಿ, ಬೂಷ್ಟು ಹಿಡಿಯಲು ಅದೇ ಸಾಕು. ಉಪ್ಪು ಹಾಕುವ ಪದ್ಧತಿಯೂ ಇದೆ. ಮಲೆನಾಡಿನ ಗೋಡೆಗೆ ಅದು ಬೇಡವೇ ಬೇಡ.

ಸುಣ್ಣ ಹಾಲಿನಷ್ಟು ತೆಳ್ಳಗಿರಲಿ. ಹಿಂದಿನ ಸಂಜೆ ಒಮ್ಮೆ, ಹೊಡೆಯುವ ಮುಂಚೆ ಇನ್ನೊಮ್ಮೆ ಗೋಡೆಗೆ ನೀರು ಚಿಮುಕಿಸಿ. ಗೋಡೆ ತಣ್ಣಗೆ ಒದ್ದೆಯಾಗಿರಬೇಕು, ನೀರು ಹರಿಯಬಾರದು. ಮೊದಲು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕುಂಚ ಎಳೆದು, ಅದು ಒಣಗುವ ಮುನ್ನ ಅಡ್ಡಡ್ಡ ಎಳೆಯಿರಿ. ಹೊಡೆಯುವಾಗ ಏನೂ ಕಾಣುವುದಿಲ್ಲ, ಗೋಡೆ ಹಾಗೇ ಇದೆ ಅನ್ನಿಸುತ್ತದೆ. ಆ ಹೊತ್ತಿನಲ್ಲೇ ಆಳುಗಳು ‘ಸಾಲದು’ ಎಂದು ಗಟ್ಟಿ ಮಾಡಿಬಿಡುತ್ತಾರೆ, ನೀವು ಪಕ್ಕದಲ್ಲಿ ನಿಲ್ಲಬೇಕಾದದ್ದು ಆಗ. ಬಿಳುಪು ಬರುವುದು ಆರಿದ ಮೇಲೆ. ದಿನಕ್ಕೊಂದೇ ಕೋಟು, ಪ್ರತಿ ಕೋಟಿನ ಮುಂಚೆ ಮತ್ತೆ ನೀರು. ಹಳೇ ಸುಣ್ಣದ ಮೇಲೆ ಮೂರು ಕೋಟು ಸಾಕು, ಹೊಸ ಗಾರೆಗೆ ಐದು. ನಿಮ್ಮ ಕಡೆ ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ.

ಬಣ್ಣ ಬೇಕಿದ್ದರೆ ಸುಣ್ಣದ ಕ್ಷಾರಕ್ಕೆ ಮಾಸದ ಮಣ್ಣಿನ ಬಣ್ಣಗಳನ್ನೇ ಆರಿಸಿ: ಕೆಮ್ಮಣ್ಣು, ಹಳದಿ ಮಣ್ಣು, ಐರನ್ ಆಕ್ಸೈಡುಗಳು. ಸುಣ್ಣದ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚಾದರೆ ಹಿಡಿತ ತಪ್ಪಿ ಕೈಗೆ ಹತ್ತುತ್ತದೆ. ಪುಡಿಯನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿ. ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಹೊಂದುವುದೇ ಇಲ್ಲ.

ಧಾರವಾಡ: ಗೋಡೆ ಬಡಿದರೆ ಅಲ್ಲಲ್ಲಿ ಪೊಳ್ಳು ಸದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಕೂಡ ಇದೆ. ಸಿಮೆಂಟ್ ತುಂಬಿಸಿ ಬಣ್ಣ ಹೊಡೆದರಾಯಿತೇ?

ಪೊಳ್ಳು ಸದ್ದು ಬಂದ ಕಡೆಯೆಲ್ಲ ಗಾರೆ ಕೀಳಬೇಕಿಲ್ಲ. ಅಂಗೈಯಿಂದ ಒತ್ತಿ ನೋಡಿ. ಅಲುಗಾಡದಿದ್ದರೆ, ಅಂಗೈ ಅಗಲಕ್ಕಿಂತ ದೊಡ್ಡದಲ್ಲದಿದ್ದರೆ ಬಿಟ್ಟುಬಿಡಿ. ಒತ್ತಿದಾಗ ಒಳಹೋಗುವುದನ್ನು ಮಾತ್ರ, ಸುತ್ತ ಗಟ್ಟಿ ಗಾರೆ ಸಿಗುವವರೆಗೆ, ಸಣ್ಣ ಉಳಿಯಿಂದ ನಿಧಾನಕ್ಕೆ ಬಿಡಿಸಿ. ಯಂತ್ರ ತಂದು ಕೊರೆಸಿದರೆ ಅದರ ಅದುರಿಗೆ ಪಕ್ಕದ್ದೂ ಬಿಟ್ಟುಕೊಳ್ಳುತ್ತದೆ.

ಓರೆ ಬಿರುಕಿಗೆ ಆತುರ ಬೇಡ. ಅದರ ಮೇಲೆ ಅಡ್ಡಲಾಗಿ ಎರಡು ಕಡೆ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಒಂದು ಮಳೆಗಾಲ ಕಳೆಯಲು ಬಿಡಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಆಗ ಬೇಕಾದದ್ದು ಪೇಂಟರಲ್ಲ, ಎಂಜಿನಿಯರು. ಒಡೆಯದಿದ್ದರೆ ಬಿರುಕನ್ನು ಒಳಗೆ ಅಗಲ, ಬಾಯಿ ಕಿರಿದು ಆಗುವಂತೆ ಬಿಡಿಸಿ, ದೂಳು ಗುಡಿಸಿ, ಚೆನ್ನಾಗಿ ನೆನೆಸಿ ತುಂಬಿ. ತುಂಬುವ ಗಾರೆ: ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳು. ತೇವದ ಗೋಡೆಗೆ ಒಂದು ಸುಣ್ಣ, ಒಂದು ನುಣ್ಣಗಿನ ಇಟ್ಟಿಗೆ ಪುಡಿ, ಎರಡು ಮರಳು. ಸರಿಯಾಗಿ ಬೆಂದ ಇಟ್ಟಿಗೆಯ ಪುಡಿ ಸುಣ್ಣದೊಡನೆ ಸೇರಿ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ ಹದ ಬರುವ ತನಕ ಕುಟ್ಟಬೇಕು, ನೀರು ಹೆಚ್ಚಿದಷ್ಟೂ ಬಿರುಕು ಹೆಚ್ಚು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಹಾಕಬೇಡಿ. ಒಂದು ಪದರಿಗೂ ಇನ್ನೊಂದಕ್ಕೂ ನಾಲ್ಕೈದು ದಿನ ಬಿಡಿ, ಮಾರನೇ ದಿನ ಕೂದಲೆಳೆ ಬಿರುಕು ಕಂಡರೆ ಕರಣೆಯಿಂದ ಮತ್ತೆ ಒತ್ತಿ ಮುಚ್ಚಿ. ಒಂದು ವಾರ ಒದ್ದೆ ಗೋಣಿ ಇಳಿಬಿಡಿ.

ಸಿಮೆಂಟ್ ಏಕೆ ಬೇಡವೆಂದರೆ, ಅದು ಪಕ್ಕದ ಗಾರೆಗಿಂತ ಬಹಳ ಗಡಸು. ಗೋಡೆ ಬಿಸಿಲು ಮಳೆಗೆ ಹಿಗ್ಗಿ ಕುಗ್ಗಿದಾಗ ಸಿಮೆಂಟ್ ಬಗ್ಗದೆ, ಅದರ ಎರಡೂ ಬದಿಗೆ ಒಂದೊಂದು ಹೊಸ ಬಿರುಕು ಬರುತ್ತದೆ.

ಉಡುಪಿ: ಗೋಡೆಯ ಅರ್ಧಕ್ಕೆ ಹೊಸದಾಗಿ ಸುಣ್ಣದ ಗಾರೆ ಮಾಡಿಸಿದ್ದೇವೆ. ಒಳಗೆ ಎಮಲ್ಷನ್ ಹೊಡೆಸಲೇಬೇಕೆಂದು ಮಕ್ಕಳ ಹಟ. ಎಷ್ಟು ದಿನ ಕಾಯಬೇಕು?

ದಿನ ಎಣಿಸುವುದಕ್ಕಿಂತ ಗೋಡೆಯನ್ನೇ ಕೇಳಿ. ಬಿಳಿ ಕಾಗದದ ಚೂರನ್ನು ಅರಿಶಿನ ನೀರಲ್ಲಿ ಅದ್ದಿ ಒಣಗಿಸಿ. ಗೋಡೆಯ ಒಂದು ಜಾಗವನ್ನು ಒದ್ದೆ ಮಾಡಿ ಎರಡು ನಿಮಿಷ ಅದನ್ನು ಒತ್ತಿ ಹಿಡಿಯಿರಿ. ಕಾಗದ ಆರತಿಯ ಓಕುಳಿಯಂತೆ ಕಡುಗೆಂಪಾದರೆ ಸುಣ್ಣ ಇನ್ನೂ ಹಸಿ, ಕ್ಷಾರ ಜೋರಾಗಿದೆ. ಆಗ ಹೊಡೆದ ಎಣ್ಣೆ ಬಣ್ಣ ಸೋಪಿನಂತೆ ಜಿಗುಟಾಗುತ್ತದೆ, ಎಮಲ್ಷನ್ನಿನ ಬಣ್ಣ ತೇಪೆ ತೇಪೆಯಾಗಿ ಬಿಳಿಚುತ್ತದೆ. ನಸುಗಂದು ಬಣ್ಣಕ್ಕೆ ಇಳಿದಿದ್ದರೆ ಮುಂದುವರಿಯಬಹುದು. ಸಾಮಾನ್ಯವಾಗಿ ಇದಕ್ಕೆ ತಿಂಗಳುಗಳೇ ಬೇಕು. ಅಷ್ಟರವರೆಗೆ ಸುಣ್ಣದಲ್ಲೇ ಇರಲಿ.

ಎಮಲ್ಷನ್ ಹೊಡೆದರೆ ಮನೆ ಬಿತ್ತು ಎಂದು ನಾವು ಹೇಳುವುದಿಲ್ಲ. ಗೋಡೆ ಒಳಗಿನದಾಗಿದ್ದು, ತೇವವಿಲ್ಲದೆ, ಗಟ್ಟಿಯಾಗಿದ್ದರೆ ನಡೆಯುತ್ತದೆ. ಆದರೆ ಹೊಳಪಿನ, ತೊಳೆಯಬಹುದಾದ ದುಬಾರಿ ಬಣ್ಣ ಬೇಡ. ಹೊಳಪಿಲ್ಲದ ಅಗ್ಗದ್ದರಲ್ಲಿ ಅಂಟು ಕಡಿಮೆ ಇರುವುದರಿಂದ ಆವಿ ಹೋಗಲು ಹೆಚ್ಚು ಜಾಗವಿರುತ್ತದೆ. ಇಡೀ ಗೋಡೆಗೆ ಪುಟ್ಟಿ ಎಳೆಸದೆ ಗುಂಡಿ ಬಿದ್ದ ಕಡೆ ಮಾತ್ರ ತುಂಬಿಸಿ. ಹಳೇ ಗೋಡೆಯ ಏರುಪೇರು ದೋಷವಲ್ಲ, ಗಾಜಿನ ನುಣುಪು ಬೇಕೆಂದು ಹೊರಟಲ್ಲೇ ಖರ್ಚು, ತೊಂದರೆ ಎರಡೂ ಶುರು. ಸುಣ್ಣದ ಪುಡಿ ಪೂರ್ತಿ ಗುಡಿಸಿದ ಮೇಲೆ ತೆಳು ಮಾಡಿದ ಪ್ರೈಮರ್ ಒಂದು ಕೋಟು, ಆಮೇಲೆ ಬಣ್ಣ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹೊರಗೋಡೆಗೆ, ಬಚ್ಚಲ ಗೋಡೆಗೆ ಮಾತ್ರ ಹಟ ಬಿಡಿಸಿ.

ಕುಮಟಾ: ಹಿರಿಯರ ಮನೆಯ ದೇವರಕೋಣೆ ಗೋಡೆಯಲ್ಲಿ ಸುಣ್ಣದ ಪದರ ಕೆರೆದಾಗ ಕೆಂಪು ಗೆರೆಗಳ ಹೂಬಳ್ಳಿ ಕಾಣುತ್ತಿದೆ. ಕೆರೆದು ಮುಗಿಸಿ ಬಣ್ಣ ಹೊಡೆಸಬಹುದೇ?

ಕೆರೆಯುವುದನ್ನು ಇವತ್ತೇ ನಿಲ್ಲಿಸಿ. ಅದು ಕಾವಿ ಕಲೆ ಇರಬಹುದು. ಗೋವೆಯಿಂದ ನಿಮ್ಮ ಜಿಲ್ಲೆಯವರೆಗಿನ ಕರಾವಳಿಯ ದೇವಸ್ಥಾನ, ಮನೆಗಳಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆತ ತೆಳು ಪದರ ಬಳಿದು, ಹಸಿಯಿರುವಾಗಲೇ ಕೆತ್ತಿ ಬಿಳುಪು ಕಾಣಿಸುವ ಪದ್ಧತಿ ಅದು. ಬೆರಳಿಂದ ಸವರಿದಾಗ ಬಿಳಿ ಭಾಗ ತುಸು ಕೆಳಗೆ, ಕೆಂಪು ಮೇಲೆ ಇದ್ದರೆ ಕೆತ್ತನೆ. ಇಲ್ಲದಿದ್ದರೆ ಬರೀ ಬರೆದ ಚಿತ್ರ. ಎರಡನ್ನೂ ನೀರು, ಆಸಿಡ್, ತಂತಿ ಬ್ರಷ್ ಮುಟ್ಟಿಸದೆ ಬಿಡಿ. ಬೆಳಕು ಓರೆಯಾಗಿ ಬೀಳುವಂತೆ ಟಾರ್ಚ್ ಹಿಡಿದು ಫೋಟೊ ತೆಗೆದಿಟ್ಟು, ಭಿತ್ತಿಚಿತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಮೇಲಿನ ಸುಣ್ಣ ಇಷ್ಟು ಕಾಲ ಅದನ್ನು ಕಾಪಾಡಿದೆ, ಇನ್ನೊಂದು ವರ್ಷ ಕಾಪಾಡಿದರೆ ನಷ್ಟವಿಲ್ಲ.

ಬಾಗಲಕೋಟೆ: ಎರಡೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬಣ್ಣ ಎಷ್ಟು ಸಲ ಹೊಡೆಸಿದರೂ ಚಕ್ಕೆ ಏಳುತ್ತದೆ, ಮಣ್ಣೂ ಜೊತೆಗೇ ಬರುತ್ತದೆ.

ಬಣ್ಣ ಗಟ್ಟಿ, ಕೆಳಗಿನ ಮಣ್ಣು ಮೆತ್ತಗೆ. ಒಣಗುವಾಗ ಬಣ್ಣ ಕುಗ್ಗಿ ಮಣ್ಣನ್ನೇ ಕಿತ್ತುಕೊಂಡು ಬರುತ್ತದೆ. ಪೂರ್ತಿ ಕೆರೆದು, ಜರಡಿ ಹಿಡಿದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹೊಟ್ಟು ಸೇರಿಸಿ, ಕೆಲ ದಿನ ಕೊಳೆಹಾಕಿ ತುಳಿದ ಕೆಸರಿನಿಂದ ಸಾರಿಸಿ. ಒಣಗಿದ ಮೇಲೆ ಸುಣ್ಣದ ನೀರಿಗೆ ಅದೇ ಮಣ್ಣಿನ ತಿಳಿ ಕೆಸರು ಬೆರೆಸಿ ಒಂದು ಕೋಟು, ಅದರ ಮೇಲೆ ಬರೀ ಸುಣ್ಣ ಎರಡು ಕೋಟು. ಮಣ್ಣಿನ ಗೋಡೆಗೆ ನೀರು ಚಿಮುಕಿಸುವಾಗ ಕೈ ಹಿಡಿತವಿರಲಿ, ಮೇಲ್ಮೈ ನೆನೆದರೆ ಸಾಕು.

ಶಿವಮೊಗ್ಗ: ಗೋಡೆಯ ಕೆಳಭಾಗಕ್ಕೂ ಬಾಗಿಲಿಗೂ ಹಳೇ ಆಯಿಲ್ ಪೇಂಟ್ ಇದೆ. ಮನೆಯಲ್ಲಿ ಪುಟ್ಟ ಮಗು. ಉಜ್ಜಿಸಿ ತೆಗೆಯಬಹುದೇ?

ಒಣಗಿರುವಾಗ ಉಜ್ಜಿಸಬೇಡಿ, ಬೆಂಕಿಯಿಂದ ಸುಡಿಸಲೂ ಬೇಡಿ. ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಮಗುವನ್ನು ಕೆಲಸ ಮುಗಿಯುವವರೆಗೆ ಬೇರೆ ಮನೆಯಲ್ಲಿಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಬಣ್ಣವನ್ನು ಒದ್ದೆ ಮಾಡಿಕೊಂಡು ಕೆರೆಯಿಸಿ, ದೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಬಣ್ಣ ಎಲ್ಲೂ ಏಳದೆ ಗಟ್ಟಿಯಾಗಿದ್ದರೆ ಮುಟ್ಟದೆ ಮೇಲೊಂದು ಕೋಟು ಹೊಡೆಸುವುದೇ ಕ್ಷೇಮ.

ಬಾಸ್ಟನ್ ಬಳಿಯಿಂದ: ನಾವು ಕೊಂಡದ್ದು 1920ರ ದಶಕದ ಮನೆ. ಗೋಡೆ ಮರದ ಪಟ್ಟಿಗಳ ಮೇಲಿನ ಗಾರೆಯದು. ಮಲಗುವ ಕೋಣೆಯ ಸೀಲಿಂಗಿನಲ್ಲಿ ಬಣ್ಣ ಹಾಳೆ ಹಾಳೆಯಾಗಿ ಜೋತಾಡುತ್ತಿದೆ.

ಅಲ್ಲಿನ ಗೋಡೆಯ ಒಳಗೆ ಪೊಳ್ಳು ಜಾಗವಿರುತ್ತದೆ, ನೆಲದ ತೇವ ಇಲ್ಲಿಯಂತೆ ಏರುವುದಿಲ್ಲ. ಸಾಮಾನ್ಯ ಎಮಲ್ಷನ್ ನಡೆಯುತ್ತದೆ. ಸೀಲಿಂಗಿನ ಬಣ್ಣ ಹಾಳೆಯಾಗಿ ಬರುತ್ತಿದ್ದರೆ ಕೆಳಗೆ ಕ್ಯಾಲ್ಸಿಮೈನ್ ಇರುವ ಸಂಭವ ಹೆಚ್ಚು. ಅದು ಅಂಟು, ಚಾಕ್ ಪುಡಿಯ ಬಣ್ಣ, ನಮ್ಮ ಪುಡಿ ಡಿಸ್ಟೆಂಪರಿನ ಅಣ್ಣ. ಒದ್ದೆ ಸ್ಪಂಜಿಗೆ ಕರಗಿ ಬಂದರೆ ಅದೇ. ಪೂರ್ತಿ ತೊಳೆದು ಆಯಿಲ್ ಪ್ರೈಮರ್ ಹೊಡೆಯಿರಿ. ಒತ್ತಿದಾಗ ಗಾರೆ ಅಲುಗಾಡಿದರೆ ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಹಿಡಿತ ಮುರಿದಿದೆ. ತೂತಿರುವ ಲೋಹದ ಬಿಲ್ಲೆಗಳನ್ನು ಸ್ಕ್ರೂ ಹಾಕಿ ಪಟ್ಟಿಗೆ ಬಿಗಿದು ಮೇಲೆ ತೇಪೆ ಹಾಕುತ್ತಾರೆ. ಅಮೆರಿಕದಲ್ಲಿ ಮನೆಬಣ್ಣದ ಸೀಸ ನಿಷೇಧವಾದದ್ದು 1978ರಲ್ಲಿ. ಆದ್ದರಿಂದ ಕೆರೆಯುವ ಮೊದಲೇ ಪರೀಕ್ಷೆ ಮಾಡಿಸಿ, ಸೀಸದ ಕೆಲಸಕ್ಕೆ ಪ್ರಮಾಣಪತ್ರ ಇರುವ ಕಂಟ್ರಾಕ್ಟರನ್ನೇ ಕರೆಸಿ.

ತುಮಕೂರು: ಸಗಣಿ ಬಣ್ಣ ಹಳೇ ಗೋಡೆಗೆ ಉಸಿರಾಡಲು ಬಿಡುತ್ತದಂತೆ, ನಿಜವೇ?

ಖಾದಿ ಆಯೋಗದ ಸಗಣಿ ಬಣ್ಣವಾದ ಪ್ರಾಕೃತಿಕ್ ಪೇಂಟ್ 2021ರ ಜನವರಿಯಲ್ಲಿ ಬಂದಿತು; ಡಿಸ್ಟೆಂಪರ್, ಎಮಲ್ಷನ್ ಎರಡೂ ರೂಪದಲ್ಲಿ ಸಿಗುತ್ತದೆ. ಸಗಣಿ ಇದೆ ಎಂದ ಮಾತ್ರಕ್ಕೆ ನೆಲ ಸಾರಿಸಿದ ಹಾಗಾಗುವುದಿಲ್ಲ, ಬಣ್ಣ ಹಿಡಿಯಲು ಅದರಲ್ಲೂ ಅಂಟು ಇರಲೇಬೇಕು. ಡಿಸ್ಟೆಂಪರನ್ನು ಒಣ ಒಳಗೋಡೆಯ ಒಂದು ಮೂಲೆಗೆ ಹೊಡೆದು ಒಂದು ಮಳೆಗಾಲ ನೋಡಿ. ಪುಡಿಯುವ ಸುಣ್ಣದ ಮೇಲೆ ಅದೂ ನಿಲ್ಲುವುದಿಲ್ಲ, ಮೊದಲು ಕೆರೆಯಲೇಬೇಕು.